ರಕ್ತದಲ್ಲಿ ಓಡುವ ಗಡಿಯಾರ

2021ರ ಮೇ 1ರಂದು ಅಮೆರಿಕದ ಕೆಂಟಕಿ ಡರ್ಬಿಯಲ್ಲಿ ಮೊದಲು ಗುರಿ ಮುಟ್ಟಿದ ಕುದುರೆ ಮೆಡಿನಾ ಸ್ಪಿರಿಟ್. ರೇಸ್ ಮುಗಿದ ಮೇಲೆ ತೆಗೆದ ಅದರ ರಕ್ತದಲ್ಲಿ ಬೀಟಾಮೆಥಸೋನ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಮಿಲಿಲೀಟರಿಗೆ 21 ಪಿಕೋಗ್ರಾಂ ಸಿಕ್ಕಿತು. ಪಿಕೋಗ್ರಾಂ ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಸುದ್ದಿ ಹೊರಬಿದ್ದದ್ದೇ ತಡ, ‘ಇಷ್ಟು ಚೂರು ಔಷಧ ಕುದುರೆಯನ್ನು ಗೆಲ್ಲಿಸೀತೇ?’ ಎಂಬ ಮಾತು ಎದ್ದಿತು. ಇವತ್ತಿಗೂ ಅದೇ ಮಾತು ನಡೆಯುತ್ತಿದೆ. ಆ ಪ್ರಶ್ನೆಯ ಬುಡವೇ ತಪ್ಪು. 21 ಎಂಬ ಅಂಕಿ ಔಷಧದ ಪ್ರಮಾಣವನ್ನು ಹೇಳುತ್ತಿಲ್ಲ, ಸಮಯವನ್ನು ಹೇಳುತ್ತಿದೆ.

ಲೆಕ್ಕ ಹಾಕಿ ನೋಡಿ. 500 ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 40 ಲೀಟರ್ ರಕ್ತ. ಅಷ್ಟಕ್ಕೂ 21 ಪಿಕೋಗ್ರಾಮಿನಂತೆ ಹಿಡಿದರೂ ಒಟ್ಟು ಒಂದು ಮೈಕ್ರೋಗ್ರಾಂ ಆಗುವುದಿಲ್ಲ. ಬಾತ ಕೀಲಿಗೆ ಪಶುವೈದ್ಯರು ಚುಚ್ಚುವ ಬೀಟಾಮೆಥಸೋನ್ ಸಾಮಾನ್ಯವಾಗಿ 9 ಮಿಲಿಗ್ರಾಂ, ಅಂದರೆ ಹತ್ತು ಸಾವಿರ ಪಟ್ಟು ಹೆಚ್ಚು. ಒಂದು ಮೈಕ್ರೋಗ್ರಾಂ ಔಷಧವನ್ನು ಯಾವ ವೈದ್ಯನೂ ಕೊಡುವುದಿಲ್ಲ. ಸಿಕ್ಕಿದ್ದು ಯಾವುದೋ ದೊಡ್ಡ ಪ್ರಮಾಣದ ಬಾಲದ ತುದಿ.

ತೂಬು ಎತ್ತಿದ ಕೆರೆಯನ್ನು ನೆನೆಯಿರಿ. ನೀರು ತುಂಬಿದ್ದಾಗ ಭೋರ್ಗರೆದು ಹೊರಡುತ್ತದೆ, ಇಳಿದಂತೆಲ್ಲ ಹರಿವು ಸೊರಗುತ್ತದೆ. ಔಷಧವೂ ಹಾಗೆಯೇ: ಇಷ್ಟು ಗಂಟೆಗೆ ಅರ್ಧ, ಮತ್ತೆ ಅಷ್ಟೇ ಗಂಟೆಗೆ ಉಳಿದುದರ ಅರ್ಧ. ಎಷ್ಟು ತುಂಬಿತ್ತು, ತೂಬು ಎಷ್ಟು ಅಗಲ ಎಂದು ಗೊತ್ತಿದ್ದರೆ ಈಗಿನ ಮಟ್ಟ ನೋಡಿ ತೂಬು ಎತ್ತಿದ ಹೊತ್ತನ್ನು ಅಂದಾಜು ಮಾಡಬಹುದು. ಕೀಲಿನ ಇಂಜೆಕ್ಷನ್ನಿನಲ್ಲಿ ಇನ್ನೊಂದು ತೊಡಕಿದೆ. ಬೀಟಾಮೆಥಸೋನ್ ಅಸಿಟೇಟ್ ನೀರಿನಲ್ಲಿ ಸುಲಭಕ್ಕೆ ಕರಗದ ಹರಳು. ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಅದು ಕೀಲಿನೊಳಗೆ ಕೂತು ದಿನಗಟ್ಟಲೆ ಕರಗುತ್ತದೆ. ರಕ್ತಕ್ಕೆ ಸೋರುವುದು ಹನಿಯಷ್ಟು, ಕೆಲಸವೆಲ್ಲ ಕೀಲಿನಲ್ಲೇ. ಹಿಂಗಿನ ಡಬ್ಬಿಯ ಹೊರಗೆ ಬರುವ ವಾಸನೆಯಿಂದ ಒಳಗಿನ ಹಿಂಗನ್ನು ತೂಗಲಾಗದು. ರಕ್ತದ ಅಂಕಿ ಚಿಕ್ಕದು, ಆದ್ದರಿಂದ ಪರಿಣಾಮವೂ ಚಿಕ್ಕದು ಎನ್ನುವುದು ಅಂಥ ತೂಕವೇ.

ಫಿನೈಲ್‌ಬ್ಯೂಟಜೋನ್ ಎಂಬ ನೋವುನಿವಾರಕ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಲಾಯದವರು ಅದನ್ನು ‘ಬ್ಯೂಟ್’ ಎನ್ನುತ್ತಾರೆ. ಕಿಲೋ ತೂಕಕ್ಕೆ 4.4 ಮಿಲಿಗ್ರಾಮಿನಂತೆ ಒಂದು ಕುದುರೆಗೆ ಸುಮಾರು 2 ಗ್ರಾಂ. ಅದರ ಅರ್ಧಾಯು, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಬೇಕಾದ ಹೊತ್ತು, ಆರು ಗಂಟೆಯ ಆಸುಪಾಸು. ಆದರೆ ಉರಿಯೂತ ಹುಟ್ಟಿಸುವ ಕಿಣ್ವಕ್ಕೆ ಅದು ಬೀಗ ಜಡಿದು ಹೋಗುತ್ತದೆ, ಜೀವಕೋಶ ಹೊಸ ಕಿಣ್ವ ಕಟ್ಟುವವರೆಗೂ ನೋವು ಅಡಗಿರುತ್ತದೆ. ಹೀಗಾಗಿ ರಕ್ತದಲ್ಲಿ ಬ್ಯೂಟ್ ಇಳಿದ ಮೇಲೂ ಕುದುರೆ ಕುಂಟುವುದಿಲ್ಲ.

1968ರ ಡರ್ಬಿ ಗೆದ್ದ ಡ್ಯಾನ್ಸರ್ಸ್ ಇಮೇಜ್ ಮೂತ್ರದಲ್ಲಿ ಇದೇ ಬ್ಯೂಟ್ ಸಿಕ್ಕಿತು. ಕುದುರೆಯ ಕಾಲ್ಗಂಟು ದುರ್ಬಲವಾಗಿತ್ತು. ಕೊಟ್ಟದ್ದು ರೇಸಿಗೆ ಆರು ದಿನ ಮೊದಲು ಎಂದು ಕುದುರೆಯ ಕಡೆಯವರು ಹೇಳಿದರು. ಆರು ದಿನ ಅಂದರೆ 144 ಗಂಟೆ, 24 ಅರ್ಧಾಯು. ಎರಡನ್ನು 24 ಸಲ ಗುಣಿಸಿದರೆ 1 ಕೋಟಿ 67 ಲಕ್ಷ. ಕೊಟ್ಟ ಔಷಧದಲ್ಲಿ ಅಷ್ಟರಲ್ಲಿ ಒಂದು ಪಾಲು ಮಾತ್ರ ಉಳಿಯಬೇಕು! ಹಾಗಾದರೆ ಸಿಕ್ಕಿದ್ದು ಎಲ್ಲಿಂದ ಬಂತು? ವರ್ಷಗಟ್ಟಲೆ ವ್ಯಾಜ್ಯ ನಡೆದರೂ ಅದು ಇತ್ಯರ್ಥವಾಗಲಿಲ್ಲ. ಗೆಲುವು ಮಾತ್ರ ಎರಡನೆಯದಾಗಿ ಬಂದ ಫಾರ್ವರ್ಡ್ ಪಾಸ್ ಪಾಲಾಯಿತು.

ನೋವು ಅಡಗಿಸಿದರೆ ಏನು ತಪ್ಪು ಎನ್ನುವವರಿದ್ದಾರೆ. ನಾಗಾಲೋಟದಲ್ಲಿ ಒಂದೊಂದು ಹೆಜ್ಜೆಗೂ ಒಂದೇ ಕಾಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. ಮುಂಗಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕುಗಳು ಏಳುತ್ತವೆ, ವಿಶ್ರಾಂತಿ ಸಿಕ್ಕರೆ ಮೂಳೆ ತಾನೇ ಮುಚ್ಚಿಕೊಳ್ಳುತ್ತದೆ. ವಿಶ್ರಾಂತಿ ಬೇಕೆಂದು ಹೇಳಲು ಮಾತು ಬಾರದ ಪ್ರಾಣಿಗೆ ಇರುವುದು ಕುಂಟು ಒಂದೇ. ಅದನ್ನು ಔಷಧದಿಂದ ಮುಚ್ಚಿದರೆ ಬಿರುಕು ಬೆಳೆದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂಳೆ ಮುರಿಯುತ್ತದೆ, ಜಾಕಿಯೂ ಜೊತೆಗೇ ನೆಲಕ್ಕೆ. ಅದಕ್ಕಾಗಿಯೇ ಈಗ ಕೀಲಿಗೆ ಸ್ಟೀರಾಯ್ಡ್ ಚುಚ್ಚಿದರೆ 14 ದಿನ ರೇಸಿಲ್ಲ, 7 ದಿನ ವೇಗದ ತಾಲೀಮೂ ಇಲ್ಲ.

ಇನ್ನು ಹೊಣೆ. ಕುದುರೆಯ ಮೈಯಲ್ಲಿ ಏನು ಸಿಕ್ಕರೂ ಉತ್ತರ ಕೊಡಬೇಕಾದವನು ಟ್ರೇನರ್, ಕೊಟ್ಟವರು ಯಾರೇ ಇರಲಿ. ಸೀಬಿಸ್ಕಿಟ್ ಎಂಬ ಹೆಸರಾಂತ ಕುದುರೆಯನ್ನು ಪಳಗಿಸಿದ್ದ ಟಾಮ್ ಸ್ಮಿತ್, 1945ರಲ್ಲಿ ಲಾಯದ ಆಳು ಇನ್ನೊಂದು ಕುದುರೆಯ ಮೂಗಿಗೆ ಎಫೆಡ್ರಿನ್ ಎಂಬ ಉತ್ತೇಜಕ ಸಿಂಪಡಿಸಿದ್ದಕ್ಕೆ ಒಂದು ವರ್ಷ ಹೊರಗುಳಿಯಬೇಕಾಯಿತು. ಇದು ಕಠೋರ ಎನಿಸುತ್ತದೆ, ಆದರೆ ಸರಿ. ಇಲ್ಲದಿದ್ದರೆ ಪ್ರತಿ ಸಲವೂ ಆಳೇ ಬಲಿಯಾಗುತ್ತಾನೆ.

ಮೆಡಿನಾ ಸ್ಪಿರಿಟ್ ವಿಷಯದಲ್ಲಿ ಟ್ರೇನರ್ ಬಾಬ್ ಬ್ಯಾಫರ್ಟ್ ಕಡೆಯವರು ಓಟೋಮ್ಯಾಕ್ಸ್ ಎಂಬ ಮುಲಾಮನ್ನು ಮುಂದಿಟ್ಟರು. ಅದು ನಾಯಿಗಳ ಕಿವಿಗೆಂದು ಮಾಡಿದ್ದು, ಕುದುರೆಯ ಚರ್ಮದ ಹುಣ್ಣಿಗೆ ಹಚ್ಚಿದ್ದರು. ಅದರಲ್ಲಿರುವುದು ಬೀಟಾಮೆಥಸೋನ್ ವ್ಯಾಲರೇಟ್, ಕೀಲಿನ ಅಸಿಟೇಟ್ ಅಲ್ಲ. ಮೂತ್ರ ಪರೀಕ್ಷೆಯೂ ಮುಲಾಮಿನ ಕಡೆಗೇ ಬೆರಳು ಮಾಡಿತು. ಆದರೂ 2022ರ ಫೆಬ್ರವರಿ 21ರಂದು ಗೆಲುವು ರದ್ದಾಗಿ ಎರಡನೆಯದಾಗಿ ಬಂದ ಮಂಡಲೂನ್‌ಗೆ ಹೋಯಿತು. ರೇಸಿನ ದಿನ ರಕ್ತದಲ್ಲಿ ಬೀಟಾಮೆಥಸೋನ್ ಇರಕೂಡದು ಎಂಬುದಷ್ಟೇ ಕೆಂಟಕಿಯ ನಿಯಮ, ಅದು ಯಾವ ದಾರಿಯಿಂದ ಬಂತು ಎಂಬುದಕ್ಕೆ ಬೆಲೆಯಿಲ್ಲ. ರಸಾಯನಶಾಸ್ತ್ರ ಅವರ ಮಾತಿಗೆ ಬೆಂಬಲ ಕೊಟ್ಟಿತು. ನಿಯಮ ಕೇಳಿದ್ದು ಬೇರೆಯದನ್ನು: ಟ್ಯೂಬಿನ ಮೇಲೆ ಬರೆದದ್ದನ್ನು ಓದಿದಿರಾ?

ಆಗ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮವಿತ್ತು. 2020ರ ಡಿಸೆಂಬರಿನಲ್ಲಿ ಸಹಿಯಾದ ಕೇಂದ್ರ ಕಾನೂನಿನಂತೆ 2023ರ ಮೇ 22ರಿಂದ ಔಷಧಗಳ ನಿಯಮ ಬಹುಪಾಲು ಒಂದೇ ಆಗಿದೆ. ಕೊಟ್ಟ ಚಿಕಿತ್ಸೆಯನ್ನು ಪಶುವೈದ್ಯ 24 ಗಂಟೆಯೊಳಗೆ ದಾಖಲಿಸಬೇಕು. ನಿಷಿದ್ಧ ಔಷಧ ಬೇರೆ, ಚಿಕಿತ್ಸೆಗೆ ಬಳಸಬಹುದಾದ್ದು ಬೇರೆ ಎಂದು ಎರಡು ಪಟ್ಟಿಗಳಿವೆ.

ಗಡಿಯಾರ ಕೈಕೊಡುವುದು ಹೆಚ್ಚಾಗಿ ಲಾಯದ ನೆಲದಲ್ಲಿ. ಔಷಧ ಪಡೆದ ಕುದುರೆ ಹುಲ್ಲಿನ ಮೇಲೆ ಉಚ್ಚೆ ಹೊಯ್ಯುತ್ತದೆ, ಅದೇ ಹುಲ್ಲನ್ನು ಮೆಲ್ಲುತ್ತದೆ. ಹೊರಹೋದದ್ದು ಮತ್ತೆ ಹೊಟ್ಟೆಗೆ, ಖಾಲಿಯಾಗುತ್ತಿದ್ದ ಕೆರೆಗೆ ಹಿಂದಿನಿಂದ ಕಾಲುವೆ. ಕೆಮ್ಮಿನ ಔಷಧ ಕುಡಿದ ಆಳು ಲಾಯದ ಮೂಲೆಯಲ್ಲೇ ಉಚ್ಚೆ ಹೊಯ್ದರೂ, ಮುಲಾಮು ಹಚ್ಚಿಕೊಂಡ ಕೈಯಲ್ಲೇ ಕಡಿವಾಣ ಹಾಕಿದರೂ ಇದೇ ಗತಿ. ಆದ್ದರಿಂದ ಔಷಧ ಕೊಟ್ಟ ಮೇಲೆ ಲಾಯದ ಹುಲ್ಲನ್ನು ಪೂರ್ತಿ ಎತ್ತಿ ಹೊಸದು ಹಾಸಬೇಕು. ಮುಲಾಮಿಗೆ ಕೈಗವಸು ಬೇಕು. ಮೇವಿನ ಬಕೆಟ್ ಬದಲಾಗದಂತೆ ಪ್ರತಿ ಬಕೆಟ್ಟಿನ ಮೇಲೂ ಕುದುರೆಯ ಹೆಸರು ಬರೆದಿರಬೇಕು.

ಮುಂದಿನದು ಪರೀಕ್ಷಾ ಲಾಯದಲ್ಲಿ. ಗೆದ್ದ ಕುದುರೆಗೆ ನೀರು ಕುಡಿಸಿ ಮೈ ಆರುವವರೆಗೆ ಅಡ್ಡಾಡಿಸುತ್ತಾರೆ. ಕತ್ತಿನ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ಒಬ್ಬ ಉದ್ದನೆಯ ಕೋಲಿಗೆ ಬಟ್ಟಲು ಸಿಕ್ಕಿಸಿಕೊಂಡು, ಕುದುರೆ ಉಚ್ಚೆ ಹೊಯ್ಯಲೆಂದು ಮೆಲ್ಲಗೆ ಸಿಳ್ಳೆ ಹಾಕುತ್ತ ಕಾಯುತ್ತಾನೆ. ಸಿಕ್ಕಿದ್ದನ್ನು ಟ್ರೇನರ್ ಕಡೆಯವರ ಎದುರಲ್ಲೇ ‘ಎ’, ‘ಬಿ’ ಎಂದು ಎರಡಾಗಿ ಹಂಚಿ ಮೊಹರು ಮಾಡುತ್ತಾರೆ. ‘ಎ’ಯಲ್ಲಿ ಏನಾದರೂ ಸಿಕ್ಕಿ ಟ್ರೇನರ್ ತಕರಾರು ಎತ್ತಿದಾಗ ಮಾತ್ರ ‘ಬಿ’ಯ ಮೊಹರು ಒಡೆಯುತ್ತದೆ.