ಹೊದ್ದ ಬೀಜ, ಬೆತ್ತಲೆ ಬೀಜ: ಒಂದು ವಿಂಗಡಣೆಯ ಹಿನ್ನೆಲೆ

ಮಲೆನಾಡಿನ ಕಾನುಗಳಲ್ಲಿ ಬಲಿತ ರಾಂಪತ್ರೆ ಕಾಯಿ ತಾನಾಗಿ ಬಾಯಿಬಿಟ್ಟಾಗ, ಬೀಜವನ್ನು ಬಿಗಿಯಾಗಿ ಸುತ್ತಿಕೊಂಡ ಪತ್ರೆ ಕಾಣಿಸುತ್ತದೆ. ಹೂವಾಗಿದ್ದ ದಿನದಿಂದ ಅಲ್ಲಿಯವರೆಗೆ ಆ ಬೀಜ ಅಂಡಾಶಯದ ಗೋಡೆಯೊಳಗೇ ಬೆಳೆದಿರುತ್ತದೆ. ಶಿವಮೊಗ್ಗದ ಕಡೆ ಮನೆಯಂಗಳದಲ್ಲಿ ಅಂದಕ್ಕೆ ನೆಡುವ, ಗಿಡ್ಡ ಈಚಲಿನಂತೆ ತೋರುವ ಸೈಕಸ್‌ನ ಹೆಣ್ಣು ಗಿಡದ ನೆತ್ತಿಯನ್ನು ಬಗ್ಗಿ ನೋಡಿದರೆ, ಕಂದು ರೋಮ ಹೊದ್ದ ಎಲೆಯಂಥ ರಚನೆಗಳ ಅಂಚಿನಲ್ಲಿ ಅಂಡಕಗಳು, ಅಂದರೆ ಮುಂದೆ ಬೀಜವಾಗುವ ಮೊಗ್ಗುಗಳು, ಬಯಲಿಗೇ ಕುಳಿತಿರುತ್ತವೆ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಎಂಬುದು ರಾಂಪತ್ರೆಗೂ ಸಲ್ಲುವ ಮಾತಾದ್ದರಿಂದ ವ್ಯತ್ಯಾಸವನ್ನು ಅಲ್ಲಿ ಹುಡುಕಿ ಫಲವಿಲ್ಲ; ಅದಿರುವುದು ಬೀಜ ಅಂಡಾಶಯದೊಳಗೆ ಬೆಳೆಯುತ್ತದೆಯೋ ಬಯಲಲ್ಲೋ ಎಂಬುದರಲ್ಲಿ.

ಸಸ್ಯಶಾಸ್ತ್ರಜ್ಞರಿಗೂ ಇದು ಬೇಗ ಹೊಳೆಯಲಿಲ್ಲ. ಸೈಕಸ್ ಮತ್ತು ಪೈನ್ ಜಾತಿಯ ಮರಗಳ ಅಂಡಕದ ಹೊರಗವಚವನ್ನೇ ಅಂಡಾಶಯವೆಂದೂ, ಅದರ ತುದಿಯ ರಂಧ್ರವನ್ನು ಶಲಾಕಾಗ್ರದ (ಹೂವಿನಲ್ಲಿ ಪರಾಗವನ್ನು ಹಿಡಿಯುವ ತುದಿ) ಸ್ಥಾನವೆಂದೂ ಭಾವಿಸಿದವರಿದ್ದರು. ಅದು ಅಂಡಾಶಯವಲ್ಲ, ಬರಿಯ ಅಂಡಕವೇ. ಪರಾಗ ನೇರವಾಗಿ ಅದರ ಬಾಯಿಗೇ ಬೀಳುತ್ತದೆ ಎಂದು 1825ರಲ್ಲಿ ಲಂಡನ್ನಿನ ಲಿನ್ನೆಯನ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ವಾದಿಸಿದವನು ರಾಬರ್ಟ್ ಬ್ರೌನ್. ಅನಾವೃತ (ಬೆತ್ತಲೆ) ಬೀಜ, ಆವೃತ (ಹೊದ್ದ) ಬೀಜ ಎಂದು ಪಠ್ಯಪುಸ್ತಕಗಳು ಇಂದು ಮಾಡುವ ಭೇದ ಗಟ್ಟಿಯಾಗಿ ನಿಂತಿರುವುದು ಈ ಅವಲೋಕನದ ಮೇಲೆ.

ಬಹುಪಾಲು ಅನಾವೃತ ಬೀಜ ಸಸ್ಯಗಳಲ್ಲಿ ಅಂಡಕದ ಬಾಯಲ್ಲಿ ಒಂದು ಹನಿ ದ್ರವ ಒಸರುತ್ತದೆ. ಪರಾಗ ಅದಕ್ಕೆ ಅಂಟಿ, ಹನಿ ಇಂಗಿದಂತೆ ಒಳಸೇರುತ್ತದೆ. ಹೂ ಬಿಡುವ ಸಸ್ಯದಲ್ಲಿ ಪರಾಗ ಶಲಾಕಾಗ್ರದ ಮೇಲೆ ಮೊಳೆತು, ಅಲ್ಲಿಂದ ನಳಿಕೆ ಇಳಿಸಿ ಅಂಡಕವನ್ನು ಮುಟ್ಟಬೇಕು. 1896ರಲ್ಲಿ ಜಪಾನಿನ ಹಿರಾಸೆ ಗಿಂಕೋ ಎಂಬ ಅನಾವೃತ ಬೀಜದ ಮರದಲ್ಲೂ ಇಕೆನೊ ಸೈಕಸ್‌ನಲ್ಲೂ ಈಜುವ ಪುಂಜೀವಕಣಗಳನ್ನು (ಗಂಡು ಲಿಂಗಕಣಗಳನ್ನು) ಕಂಡರು. 1898ರಲ್ಲಿ ರಷ್ಯಾದ ಸಸ್ಯಶಾಸ್ತ್ರಜ್ಞ ನವಾಶಿನ್ ಹೂಗಿಡಗಳ ಇಮ್ಮಡಿ ನಿಷೇಚನೆಯನ್ನು (ಎರಡು ಬಾರಿ ಗರ್ಭಕಟ್ಟುವುದನ್ನು) ಗುರುತಿಸಿದನು: ಒಂದು ಪುಂಜೀವಕಣದಿಂದ ಭ್ರೂಣ, ಇನ್ನೊಂದರಿಂದ ಅದಕ್ಕೆ ಬೇಕಾದ ಆಹಾರದ ಅಂಗಾಂಶ. ನಮ್ಮವರಿಗೆ ಇದು ದೂರದ ಸಂಗತಿಯಲ್ಲ. ಗೋಟಡಿಕೆಯನ್ನು ಸೀಳಿದಾಗ ಬಿಳಿ ಕಂದು ಗೆರೆಗಳಾಗಿ ಕಾಣುವ ತಿರುಳು ಆ ಅಂಗಾಂಶವೇ. ಸೈಕಸ್ ಬೀಜದ ತಿರುಳು ಮಾತ್ರ ನಿಷೇಚನೆಗೆ ಮುಂಚೆಯೇ ಸಿದ್ಧವಾಗತೊಡಗುತ್ತದೆ, ಭ್ರೂಣ ಮೂಡದೆ ಹೋದರೂ.

ಈ ಗೆರೆಯನ್ನು ಕಲಸಿದ್ದು ಪಶ್ಚಿಮ ಘಟ್ಟದ ಹಸಿ ಕಾಡುಗಳಲ್ಲಿ ಮರಗಳನ್ನು ತಬ್ಬಿ ಏರುವ, ಅನಾವೃತ ಬೀಜದ್ದೇ ಆದ ನೀಟಂ ಬಳ್ಳಿ. ಎಲೆ ಅಗಲ, ನರಗಳು ಬಲೆಬಲೆ, ಬಲಿತ ಬೀಜ ಥೇಟು ಹಣ್ಣು. 1980ರ ದಶಕದಲ್ಲಿ ನೀಟಂನ ಬಳಗವೇ ಹೂಗಿಡಗಳಿಗೆ ಅತಿ ಹತ್ತಿರದ ನೆಂಟನೆಂಬ ಊಹೆ ಬಲಗೊಂಡಿತ್ತು. 1990ರಲ್ಲಿ ಆ ಬಳಗದ ಎಫಿಡ್ರಾದಲ್ಲಿ ವಿಲಿಯಂ ಫ್ರೀಡ್‌ಮನ್ ಎರಡನೆಯ ನಿಷೇಚನೆಯನ್ನು ತೋರಿಸಿದಾಗ ಊಹೆಗೆ ಇಂಬು ಸಿಕ್ಕಂತಾಯಿತಾದರೂ, ಅದರಿಂದ ಹುಟ್ಟುವುದು ಆಹಾರವಲ್ಲ, ಹೆಚ್ಚುವರಿ ಭ್ರೂಣ. 1999, 2000ರ ವೇಳೆಗೆ ಪ್ರಕಟವಾದ ಜೀನ್ ಹೋಲಿಕೆಗಳು ಬಳ್ಳಿಯನ್ನು ಪೈನ್‌ಗಳ ಬಳಿಗೆ ಸರಿಸಿದವು. ನೀಟಂನ ಎಳೆಯ ಅಂಡಕವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಬಾಯಿ ಸಣ್ಣ ಕೊಳವೆಯಾಗಿ ಹೊದಿಕೆಯಿಂದ ಹೊರಚಾಚಿರುವುದು ಕಾಣುತ್ತದೆ. ಪರಾಗ ಒಳಸೇರುವುದು ಆ ಕೊಳವೆಯಿಂದಲೇ, ನಡುವೆ ಶಲಾಕಾಗ್ರವಿಲ್ಲ.