ಸುರಂಗದೊಳಗೆ ಊದುವ ನೀಲಿ ವೃತ್ತ

ಹಾಸನದಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೊರಟರೆ ಒಂದು ಕೆಲಸ ಮಾಡಿ. ಸಕಲೇಶಪುರ ಬಿಟ್ಟ ಮೇಲೆ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಮ್ಯಾಪ್ ತೆರೆಯಿರಿ. ನೀಲಿ ಚುಕ್ಕೆಯನ್ನಲ್ಲ, ಅದರ ಸುತ್ತ ಇರುವ ತಿಳಿನೀಲಿ ವೃತ್ತವನ್ನು ನೋಡಿ. ಆಕಾಶ ಕಾಣುವಲ್ಲಿ ಅದು ಪುಟ್ಟದಾಗಿರುತ್ತದೆ. ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗಗಳಿವೆ. ಉದ್ದನೆಯ ಒಂದು ಸುರಂಗಕ್ಕೆ ನುಗ್ಗಿದಾಗ ನನ್ನ ಫೋನಿನಲ್ಲಿ ಆ ವೃತ್ತ ಊದತೊಡಗಿತು. ಮೊದಲು ಒಂದು ಬೋಗಿಯಷ್ಟು, ಆಮೇಲೆ ಇಡೀ ರೈಲಿನಷ್ಟು. ಪಕ್ಕದಲ್ಲಿದ್ದ ಹಿರಿಯರು ‘ಜಿಪಿಎಸ್ ಕೆಟ್ಟೋಯ್ತು’ ಅಂದರು. ಕೆಟ್ಟಿರಲಿಲ್ಲ. ತನಗೆ ಎಷ್ಟು ಗೊತ್ತಿಲ್ಲ ಅಂತ ಫೋನ್ ಲೆಕ್ಕ ಇಡುತ್ತಿತ್ತು.

ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ನೋಡಿಕೊಂಡು ಬೆಳೆದವರು ನಾವು. 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಅದಕ್ಕೋ ಏನೋ, ಉಪಗ್ರಹ ಮೇಲಿಂದ ನಮ್ಮನ್ನು ನೋಡಿ ಫೋನಿಗೆ ಜಾಗ ಹೇಳುತ್ತದೆ ಅಂತ ನಂಬಿದವರನ್ನು ಊರಲ್ಲಿ ತುಂಬಾ ಕಂಡಿದ್ದೇನೆ. ಹಾಗಲ್ಲ. ಜಿಪಿಎಸ್ ಉಪಗ್ರಹ ಆಕಾಶವಾಣಿ ಇದ್ದ ಹಾಗೆ. ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಸಮಯ’ ಅಂತ ಸಾರುತ್ತಾ ಹೋಗುತ್ತದೆ. ಯಾರು ಕೇಳುತ್ತಿದ್ದಾರೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿ ಜಾಗ ಲೆಕ್ಕ ಹಾಕುವುದು ಫೋನೇ. ಆ ಸಂಕೇತ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಸಂಕೇತ ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಆಗ ಚುಕ್ಕೆ ರಸ್ತೆ ಬಿಟ್ಟು ಕಣಿವೆಗೆ ಹಾರುತ್ತದೆ.

ಫೋನಿನೊಳಗೆ ಬೇರೆ ಸಾಕ್ಷಿಗಳೂ ಇವೆ. ವೇಗ ಬದಲಾದದ್ದನ್ನು ಹಿಡಿಯುವ ಆಕ್ಸೆಲೆರೋಮೀಟರ್, ತಿರುಗಿದ್ದನ್ನು ಹಿಡಿಯುವ ಗೈರೋಸ್ಕೋಪ್. ಕರೆಂಟ್ ಹೋದಾಗ ಹೆಜ್ಜೆ ಎಣಿಸಿಕೊಂಡು ಅಡುಗೆಮನೆಗೆ ಹೋಗುತ್ತೇವಲ್ಲ, ಇವುಗಳ ದಾರಿಯೂ ಅದೇ. ಸುರಂಗದಲ್ಲೂ ಕೆಲಸ ನಡೆಯುತ್ತದೆ. ಆದರೆ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಮುಂದಿನದಕ್ಕೆ ಸೇರುತ್ತಾ ಹೋಗುತ್ತದೆ. ಆಕ್ಸೆಲೆರೋಮೀಟರಿನಲ್ಲಿ ಒಂದೇ ಸಮನಾದ ಚಿಕ್ಕ ತಪ್ಪಿದ್ದರೆ, ಸಮಯ ಎರಡರಷ್ಟಾದಾಗ ದೂರದ ತಪ್ಪು ನಾಲ್ಕರಷ್ಟಾಗುತ್ತದೆ. ಜಿಪಿಎಸ್ ಅತ್ತಿತ್ತ ನೆಗೆಯುತ್ತದೆ, ಆದರೆ ತಪ್ಪನ್ನು ಕೂಡಿಟ್ಟುಕೊಳ್ಳುವುದಿಲ್ಲ. ಇವು ನೆಗೆಯುವುದಿಲ್ಲ, ಮೆಲ್ಲಗೆ ದಾರಿ ತಪ್ಪುತ್ತವೆ.

ಹಾಗಾದರೆ ಯಾರ ಮಾತು ಕೇಳುವುದು? ಕಾಫಿ ತೋಟದಲ್ಲಿ ಫಸಲಿನ ಅಂದಾಜು ಹಾಕುವುದನ್ನೇ ತೆಗೆದುಕೊಳ್ಳಿ. ತೋಟದ ಲೆಕ್ಕ ಬರೆಯುವ ರೈಟ್ರು ‘100 ಮೂಟೆ’ ಅನ್ನುತ್ತಾರೆ. ಅವರ ಲೆಕ್ಕ 10 ಮೂಟೆ ಹೆಚ್ಚು ಕಮ್ಮಿ ಆಗುತ್ತದೆ. ಮೇಸ್ತ್ರಿ ‘112’ ಅನ್ನುತ್ತಾರೆ. ಅವರದು 5 ಮೂಟೆ ಹೆಚ್ಚು ಕಮ್ಮಿ. ಹಾಗಿದ್ದರೆ ರೈಟ್ರ ಮಾತು ಸುಮ್ನೆ ಬಿಟ್ಟುಬಿಡೋಣ ಅನಿಸುತ್ತದೆ ಅಲ್ವಾ? ಬಿಡಬಾರದು. ತಪ್ಪು ಜಾಸ್ತಿ ಇದ್ದಷ್ಟೂ ತೂಕ ಕಮ್ಮಿ, ಅದೂ ತಪ್ಪಿನ ವರ್ಗದ ಲೆಕ್ಕದಲ್ಲಿ. 10ರ ವರ್ಗ 100, 5ರ ವರ್ಗ 25. ಮೇಸ್ತ್ರಿಗೆ ನಾಲ್ಕು ಪಾಲು, ರೈಟ್ರಿಗೆ ಒಂದು ಪಾಲು. ಉತ್ತರ 109.6 ಮೂಟೆ. ಈ ಉತ್ತರ ತಪ್ಪುವುದು ಸುಮಾರು 4.5 ಮೂಟೆಯಷ್ಟು. ಮೇಸ್ತ್ರಿ ಒಬ್ಬರೇ ಹೇಳಿದ್ದಕ್ಕಿಂತ ಕಮ್ಮಿ! ಜಾಸ್ತಿ ತಪ್ಪುವವರ ಮಾತನ್ನು ಸೇರಿಸಿದ್ದಕ್ಕೇ ಅಂದಾಜು ಸುಧಾರಿಸಿತು. ಮೊದಲ ಸಲ ಈ ಲೆಕ್ಕ ಮಾಡಿದಾಗ ನಂಬಿಕೆ ಬಾರದೆ ಎರಡು ಸಲ ಮತ್ತೆ ಮಾಡಿ ನೋಡಿದ್ದೆ. ಒಂದು ಷರತ್ತಿದೆ. ರೈಟ್ರು ಮೇಸ್ತ್ರಿಯನ್ನೇ ಕೇಳಿಕೊಂಡು ಬಂದು ಹೇಳಿರಬಾರದು. ಹಾಗಾದರೆ ಅದು ಎರಡು ಸಾಕ್ಷಿಯಲ್ಲ, ಒಂದೇ.

ಓಡುವ ವಸ್ತುವಿಗೆ ಇಂಥ ಲೆಕ್ಕವನ್ನು ಗಳಿಗೆ ಗಳಿಗೆಗೂ ಮಾಡುವ ದಾರಿ ತೋರಿಸಿದವರು ಬುಡಾಪೆಸ್ಟ್‌ನಲ್ಲಿ ಹುಟ್ಟಿದ ರುಡಾಲ್ಫ್ ಕಾಲ್ಮನ್, 1960ರಲ್ಲಿ. ನಾಸಾದ ಸ್ಟ್ಯಾನ್ಲಿ ಶ್ಮಿಟ್ ಅದನ್ನು ಚಂದ್ರನ ಪಯಣಕ್ಕೆ ಹೊಂದಿಸಿದರು. ಅಪೊಲೊ ನೌಕೆಯಲ್ಲಿ ಗೈರೋಸ್ಕೋಪ್ ಇತ್ತು. ಜೊತೆಗೆ ಯಾತ್ರಿಗಳು ಹಡಗಿನವರ ಹಾಗೆ ಸೆಕ್ಸ್‌ಟೆಂಟ್ ಬಳಸಿ, ಆದರೆ ನೌಕೆಗೇ ಜೋಡಿಸಿದ್ದರಲ್ಲಿ ನೋಡಿ, ನಕ್ಷತ್ರಗಳ ಕೋನ ಅಳೆಯುತ್ತಿದ್ದರು. ಎರಡನ್ನೂ ಬೆರೆಸಿದ ಆ ಕಂಪ್ಯೂಟರಿನ ಬರೆದು ಅಳಿಸುವ ನೆನಪು ಸುಮಾರು 4 ಕಿಲೋಬೈಟ್ ಮಾತ್ರ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಕಾಲ್ಮನ್ ವಿಧಾನ ಎರಡು ಸಂಖ್ಯೆಗಳನ್ನು ಜೊತೆಗೇ ಹೊತ್ತು ಸಾಗುತ್ತದೆ. ನಾನು ಎಲ್ಲಿದ್ದೇನೆ, ಅದರಲ್ಲಿ ಎಷ್ಟು ತಪ್ಪಿರಬಹುದು. ಊಹೆಯ ಮೇಲೆ ಮುಂದೆ ಹೋದಂತೆ ಎರಡನೆಯದು ಬೆಳೆಯುತ್ತದೆ, ಹೊಸ ಸಾಕ್ಷಿ ಸಿಕ್ಕಾಗ ಕುಗ್ಗುತ್ತದೆ. ನನ್ನ ಫೋನಿನಲ್ಲಿ ಉಸಿರಾಡುತ್ತಿದ್ದ ತಿಳಿನೀಲಿ ವೃತ್ತ ಈ ಎರಡನೆಯ ಸಂಖ್ಯೆಯ ಚಿತ್ರ. ಯಡಕುಮರಿ ಹತ್ತಿರ ರೈಲು ಸುರಂಗದಿಂದ ಮಳೆಗೆ ಬಂತು. ವೃತ್ತವನ್ನು ಹಿರಿಯರಿಗೆ ತೋರಿಸಿದೆ. ಅದು ಕುಗ್ಗಿ ಕುಗ್ಗಿ ಮತ್ತೆ ಹಳಿ ಮೇಲೆ ಬಂದು ನಿಲ್ಲುವ ತನಕ ಇಬ್ಬರೂ ನೋಡುತ್ತಾ ಕೂತಿದ್ದೆವು.