ಡಿಪ್‌ಸ್ಟಿಕ್‌ನ ಗೆರೆ ದಾಟಿದ ಆಯಿಲ್: ಎಷ್ಟು ತೆಗೆಯಬೇಕು, ಹೇಗೆ ತೆಗೆಯಬೇಕು

ಸರ್ವೀಸ್ ಮುಗಿದು ಬಂದ ಕಾರಿನ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಗಿಂತಲೂ ಮೇಲಿದೆ. ಗಾಬರಿಯಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಅದು ಎಷ್ಟು ಮೇಲಿದೆ ಎಂಬುದನ್ನು ಮಿಲಿಲೀಟರ್ ಲೆಕ್ಕದಲ್ಲಿ ತಿಳಿದುಕೊಳ್ಳಬೇಕು. ಹಾಗೇ ಬಿಡಬಹುದೋ, ಸ್ವಲ್ಪ ತೆಗೆದರೆ ಸಾಕೋ, ಇಂಜಿನ್ ಸ್ಟಾರ್ಟ್ ಮಾಡಲೇಬಾರದೋ ಎಂಬುದು ಆ ಸಂಖ್ಯೆಯ ಮೇಲೆ ನಿಂತಿದೆ.

ಮೊದಲು ಅಳತೆ ಸರಿಯಾಗಿರಲಿ. ಕಾರು ಸಮತಟ್ಟಾದ ನೆಲದಲ್ಲಿರಬೇಕು. ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಮೇಲಿನ ಭಾಗದಲ್ಲಿದ್ದ ಆಯಿಲ್ ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ಕೆಲವು ಕಂಪನಿಗಳು ತಣ್ಣಗಿರುವಾಗಲೇ ಅಳೆಯಲು ಹೇಳುತ್ತವೆ, ಅಂಥ ಕಡೆ ಕೈಪಿಡಿಯ ಮಾತೇ ಅಂತಿಮ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಎರಡೂ ಮಗ್ಗುಲು ನೋಡಿ. ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಒಂದು ಮಗ್ಗುಲಿಗೆ ಬಳಿದುಕೊಂಡು ಹೆಚ್ಚು ತೋರಿಸುವುದುಂಟು. ಕಡಿಮೆ ತೋರಿಸುವ ಮಗ್ಗುಲನ್ನೇ ನಂಬಿ.

ಇನ್ನು ಲೆಕ್ಕ. ಬಹುತೇಕ ಕಾರುಗಳಲ್ಲಿ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಹೆಚ್ಚುಕಡಿಮೆ 1 ಲೀಟರ್ ಹಿಡಿಯುತ್ತದೆ. ಎರಡು ಗೆರೆಗಳ ನಡುವಿನ ದೂರವನ್ನು ಸ್ಕೇಲ್ ಇಟ್ಟು ಅಳೆಯಿರಿ. ಅದು 20 ಮಿ.ಮೀ. ಇದ್ದರೆ ಪ್ರತಿ ಮಿ.ಮೀ.ಗೆ ಸುಮಾರು 50 ಮಿ.ಲೀ. ಆಯಿತು. ಮೇಲಿನ ಗೆರೆಯಿಂದ 3 ಮಿ.ಮೀ. ಮೇಲಿದ್ದರೆ ಹೆಚ್ಚಿರುವುದು 150 ಮಿ.ಲೀ., 10 ಮಿ.ಮೀ. ಮೇಲಿದ್ದರೆ ಅರ್ಧ ಲೀಟರ್. ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ತುಸು ಹೆಚ್ಚೇ ಇರಬಹುದು. ತೀರ್ಮಾನಕ್ಕೆ ಇಷ್ಟು ನಿಖರತೆ ಸಾಕು.

150ರಿಂದ 200 ಮಿ.ಲೀ. ಹೆಚ್ಚಿದ್ದರೆ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಏನೂ ಮಾಡಬೇಕಿಲ್ಲ. ಇಂಜಿನ್ ಓಡುವಾಗ ಗಣನೀಯ ಪ್ರಮಾಣದ ಆಯಿಲ್ ಮೇಲಿನ ದಾರಿಗಳಲ್ಲಿ ಸುತ್ತುತ್ತಿರುತ್ತದೆ, ಚೇಂಬರ್‌ನಲ್ಲಿ ಮಟ್ಟ ತಾನಾಗಿ ಇಳಿಯುತ್ತದೆ. ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಡೀಸೆಲ್ ಆಗಿದ್ದರೆ ಅಷ್ಟನ್ನೂ ತೆಗೆಸುವುದು ಒಳ್ಳೆಯದು. ಅರ್ಧ ಲೀಟರ್ ಸಮೀಪಿಸಿದರೆ ಯಾವ ಕಾರಾದರೂ ತೆಗೆಯಲೇಬೇಕು. ಅದನ್ನೂ ದಾಟಿದ್ದರೆ ತೆಗೆಯುವ ತನಕ ಸ್ಟಾರ್ಟ್ ಮಾಡಬೇಡಿ.

ಹೆಚ್ಚು ಆಯಿಲ್ ಇದ್ದರೆ ಇಂಜಿನ್‌ಗೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಚೇಂಬರ್ ಮೇಲೆಯೇ ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ಮಟ್ಟ ಏರಿ ಅದರ ತೂಕದ ಭಾಗಗಳು ಆಯಿಲ್‌ಗೆ ತಾಗಿದರೆ ಕಡೆಗೋಲಿನಂತೆ ಕಡೆದು ನೊರೆ ಎಬ್ಬಿಸುತ್ತವೆ. ಪಂಪ್ ಆ ನೊರೆಯನ್ನೇ ಎಳೆದು ಬೇರಿಂಗ್‌ಗೆ ಕಳಿಸುತ್ತದೆ. ಗಾಳಿ ಒತ್ತಿದರೆ ಕುಗ್ಗುವ ವಸ್ತು. ಲೋಹಕ್ಕೆ ಲೋಹ ತಾಗದಂತೆ ತಡೆಯುವ ಆಯಿಲ್ ಪದರ ಅಲ್ಲಿ ನಿಲ್ಲುವುದಿಲ್ಲ. ಆಯಿಲ್ ತುಂಬಿ ತುಳುಕುವ ಇಂಜಿನ್‌ನಲ್ಲಿ ಬೇರಿಂಗ್ ಆಯಿಲ್ ಇಲ್ಲದೆ ಸವೆಯುವುದು ಹೀಗೆ. ವಾಲ್ವ್‌ಗಳ ಕಡೆಯಿಂದ ಟಿಕ್ ಟಿಕ್ ಸದ್ದು, ವೇಗದಲ್ಲಿ ಆಯಿಲ್ ಲೈಟ್ ಮಿನುಗುವುದು ಇದರ ಗುರುತುಗಳು.

ಎರಡನೆಯ ಹಾನಿ ಇಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪ್ ಮೂಲಕ. ಕಡೆದು ಎದ್ದ ಆಯಿಲ್ ಮಂಜು ಆ ದಾರಿಯಲ್ಲಿ ಗಾಳಿ ಎಳೆಯುವ ಪೈಪ್ ಸೇರಿ, ಸಿಲಿಂಡರ್‌ನಲ್ಲಿ ಉರಿದು ನೀಲಿ ಹೊಗೆಯಾಗುತ್ತದೆ. ಆಯಿಲ್‌ನಲ್ಲಿರುವ ರಂಜಕ, ಸತುವಿನ ಅಂಶಗಳು ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಕೆಲಸ ಕೆಡಿಸುತ್ತವೆ. ಡೀಸೆಲ್ ಕಾರಿನ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ನಲ್ಲಿ ಬೂದಿ ತುಂಬುತ್ತದೆ, ಆ ಬೂದಿಯನ್ನು ಮತ್ತೆ ಸುಟ್ಟು ತೆಗೆಯಲಾಗದು. ಟರ್ಬೊದಿಂದ ಆಯಿಲ್ ಕೆಳಗಿಳಿಯುವುದು ತನ್ನ ಭಾರದಿಂದಷ್ಟೇ. ಚೇಂಬರ್‌ನ ಮಟ್ಟ, ಒತ್ತಡ ಏರಿದರೆ ಅದು ಅಲ್ಲೇ ತಡೆದು ಸೀಲ್ ದಾಟಿ ಒಸರುತ್ತದೆ. ಡೀಸೆಲ್ ಇಂಜಿನ್ ತೀರಾ ಹೆಚ್ಚು ಆಯಿಲ್ ಒಳಗೆಳೆದುಕೊಂಡರೆ ಅದನ್ನೇ ಇಂಧನ ಮಾಡಿಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಓಡುವ ಅಪಾಯವಿದೆ.

ತೆಗೆಯುವ ಅತ್ಯುತ್ತಮ ದಾರಿ ಡಿಪ್‌ಸ್ಟಿಕ್ ಕೊಳವೆ. 100 ಮಿ.ಲೀ.ನ ದೊಡ್ಡ ಸಿರಿಂಜ್ ಅಥವಾ ಕೈ ವ್ಯಾಕ್ಯೂಮ್ ಪಂಪ್, ಅದಕ್ಕೆ ಕೊಳವೆಯೊಳಗೆ ಇಳಿಯುವಷ್ಟು ಸಣ್ಣ ನೈಲಾನ್ ಟ್ಯೂಬ್ ಸಾಕು. ಬಿಸಿಗೆ ಮೆತ್ತಗಾಗುವ ಟ್ಯೂಬ್ ಬೇಡ, ಒಳಗೆ ತುಂಡಾದರೆ ಚೇಂಬರ್ ಬಿಚ್ಚಬೇಕಾದೀತು. ಇಂಜಿನ್ ಆಫ್ ಆಗಿರಲಿ. ಆಯಿಲ್ ಬೆಚ್ಚಗಿರಬೇಕು, ಕೈ ಸುಡುವಷ್ಟು ಬಿಸಿ ಇರಬಾರದು. ಟ್ಯೂಬನ್ನು ಡಿಪ್‌ಸ್ಟಿಕ್ ಪಕ್ಕ ಹಿಡಿದು, ಅದರ ತುದಿ ಮೇಲಿನ ಗೆರೆಗಿಂತ ಎರಡು ಮಿ.ಮೀ. ಕೆಳಗೆ ಬರುವಂತೆ ಹಿಡಿಕೆಯ ಕೆಳಗೆ ಕೂರುವ ಜಾಗಕ್ಕೆ ಟೇಪ್ ಸುತ್ತಿ. ಆ ಗುರುತಿನವರೆಗೆ ಇಳಿಸಿ ಎಳೆದರೆ, ಮಟ್ಟ ಅಲ್ಲಿಗೆ ಬಂದೊಡನೆ ಟ್ಯೂಬ್ ಗಾಳಿ ಎಳೆಯತೊಡಗುತ್ತದೆ. ಬೇಕಿದ್ದಕ್ಕಿಂತ ಹೆಚ್ಚು ತೆಗೆಯುವ ಭಯವಿಲ್ಲ. ತೆಗೆದದ್ದನ್ನು ಅಳತೆಯ ಜಾರ್‌ಗೆ ಹಾಕಿ ಮೊದಲಿನ ಲೆಕ್ಕದೊಂದಿಗೆ ತಾಳೆ ನೋಡಿ. ಬಾಯಿಂದ ಮಾತ್ರ ಎಂದಿಗೂ ಎಳೆಯಬೇಡಿ.

ಡ್ರೈನ್ ಬೋಲ್ಟ್ ಸಡಿಲಿಸಿ "ಸ್ವಲ್ಪ ಬಿಟ್ಟು" ಮುಚ್ಚುವುದು ಕೇಳಲು ಸುಲಭ. ಬೋಲ್ಟ್ ಬಿಚ್ಚಿದೊಡನೆ ಆಯಿಲ್ ಧಾರೆಯಾಗಿ ಬೀಳುತ್ತದೆ, ಅಳತೆ ಕೈಯಲ್ಲಿರುವುದಿಲ್ಲ. ಪ್ರತಿ ಸಲವೂ ಹೊಸ ವಾಷರ್ ಹಾಕಬೇಕು, ಕೈಪಿಡಿ ಹೇಳಿದ ಟಾರ್ಕ್‌ಗೇ (ತಿರುಗಿಸುವ ಬಲದ ಅಳತೆ) ಬಿಗಿಯಬೇಕು. ಅಲ್ಯೂಮಿನಿಯಂ ಚೇಂಬರ್‌ನಲ್ಲಿ ಹೆಚ್ಚು ಬಿಗಿದರೆ ಥ್ರೆಡ್ ಹೋಯಿತು ಅಂತಲೇ. ಲೀಟರ್‌ಗಟ್ಟಲೆ ಹೆಚ್ಚಿದ್ದರೆ ಪೂರ್ತಿ ಬಸಿದು ಅಳೆದು ತುಂಬುವುದೇ ಮೇಲು.

ಲೀಟರ್‌ಗಟ್ಟಲೆ ಹೆಚ್ಚಿದ್ದಾಗ ಒಂದು ಅನುಮಾನ ಬರಲೇಬೇಕು. ಕೆಲವು ಕಾರುಗಳಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್ ಡ್ರೈನ್ ಬೋಲ್ಟ್‌ಗಳು ಹತ್ತಿರದಲ್ಲೇ ಇರುತ್ತವೆ. ತಪ್ಪಿ ಗೇರ್ ಆಯಿಲ್ ಬಸಿದು, ಹೊಸ ಆಯಿಲ್ಲನ್ನು ಇಂಜಿನ್‌ಗೆ ಸುರಿದಿದ್ದರೆ ಇಂಜಿನ್‌ನಲ್ಲಿ ಎರಡು ಪಟ್ಟು, ಗೇರ್‌ಬಾಕ್ಸ್ ಬರಿದು. ಪೆಟ್ರೋಲ್ ಕಾರಿನಲ್ಲಿ ಆಯಿಲ್ ಬದಲಿಸಿದ ದಿನವೇ ಬಣ್ಣ ಕಪ್ಪಗಿದ್ದರೆ ಅನುಮಾನ ಬಲವಾಗುತ್ತದೆ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುವುದರಿಂದ ಬಣ್ಣ ಸಾಕ್ಷಿಯಲ್ಲ. ಆ ಕಾರನ್ನು ಓಡಿಸಬಾರದು, ಚಾಲಕ ಚಕ್ರಗಳು ನೆಲದ ಮೇಲಿದ್ದಂತೆ ಎಳೆಯಲೂಬಾರದು. ಪೂರ್ತಿ ಎತ್ತಿ ಲಾರಿಯ ಮೇಲೆ ಸಾಗಿಸಿ.

ಸರ್ವೀಸ್ ದಿನ ಸರಿಯಿದ್ದ ಮಟ್ಟ ವಾರಗಳ ನಂತರ ಏರಿದ್ದರೆ ಅದು ಸುರಿದವರ ತಪ್ಪಲ್ಲ. ಡೀಸೆಲ್ ಕಾರಿನ ಹೊಗೆಯ ಫಿಲ್ಟರ್ ಒಳಗಿನ ಮಸಿ ಸುಟ್ಟು ಶುಚಿಯಾಗುವ ಪ್ರಕ್ರಿಯೆ ಸಣ್ಣ ಓಡಾಟದಿಂದ ಮತ್ತೆ ಮತ್ತೆ ಅರ್ಧಕ್ಕೆ ನಿಂತಾಗ, ಉರಿಯದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾಗಿ ಇಂಧನದ ವಾಸನೆ ಬಂದರೆ ಹೆಚ್ಚಿದ್ದನ್ನಷ್ಟೇ ತೆಗೆದು ಪ್ರಯೋಜನವಿಲ್ಲ, ಪೂರ್ತಿ ಬದಲಿಸಬೇಕು. ಹಾಲು ಬೆರೆತ ಕಾಫಿಯಂತೆ ಕಂಡರೆ ಕೂಲೆಂಟ್ ಸೇರಿದೆಯೇ ಎಂದು ಮೊದಲು ಪರೀಕ್ಷಿಸಿ.

ಸುರಿಯುವಾಗಲೇ ತಪ್ಪದಿರಲು, ಆಯಿಲ್ ಫಿಲ್ಟರ್ ಬದಲಿಸಿದಾಗ, ಬದಲಿಸದಿದ್ದಾಗ ಎಂದು ಕೈಪಿಡಿ ಎರಡು ಪ್ರಮಾಣ ಕೊಟ್ಟಿರುತ್ತದೆ, ಅದನ್ನು ನೋಡಿ. ಹಳೆಯ ಆಯಿಲ್ ಪೂರ್ತಿ ಬಸಿಯುವುದು ಅಪರೂಪ. ಹಾಗಾಗಿ ಆ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಫಿಲ್ಟರ್ ತುಂಬಲು ಇಂಜಿನ್ ಎರಡು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ. ಆಮೇಲೆ 100 ಮಿ.ಲೀ. ಲೆಕ್ಕದಲ್ಲಿ ಸೇರಿಸುತ್ತಾ ಹೋಗಿ, ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಲ್ಲಿಸಿ. ಡಬ್ಬಿಯಲ್ಲಿ ಉಳಿದದ್ದನ್ನು ಮುಚ್ಚಿ ಎತ್ತಿಡಿ. ಮುಂದಿನ ಸರ್ವೀಸ್ ತನಕ ಟಾಪ್ ಅಪ್‌ಗೆ ಬೇಕಾಗುತ್ತದೆ.